ಸೆನ್ಸರ್ ಕಟ್ಟುವ ಮುನ್ನ

ನಿನ್ನ ಕ್ಲಿನಿಕ್ಕಿಗೆ ನಡಿಗೆ ಅಳೆಯುವ ಸೆನ್ಸರ್ ಬಂದಿದೆಯಂತೆ, ಒಳ್ಳೆಯದಾಯಿತು ಕಣಮ್ಮ. ನಮ್ಮ ಕಾಲದಲ್ಲಿ ಈ ಲೆಕ್ಕ ಬೇಕೆಂದರೆ ಸುತ್ತ ಕ್ಯಾಮೆರಾ ನಿಲ್ಲಿಸಿ, ನೆಲದೊಳಗೆ ಬಲ ಅಳೆಯುವ ಹಲಗೆ ಹುದುಗಿಸಿದ ಲ್ಯಾಬೇ ಆಗಬೇಕಿತ್ತು. ಮಂಡಿ ಸವೆದ ಅಜ್ಜಿಯನ್ನು ಅಲ್ಲಿಗೆ ಕರೆದೊಯ್ಯುವವರು ಯಾರು? ಕೀಲಿನ ಕೋನ ಅಳೆಯುವ ಗೋನಿಯೋಮೀಟರು, ಸ್ಟಾಪ್‌ವಾಚು, ಬರಿಗಣ್ಣು, ಇಷ್ಟರಲ್ಲೇ ನಮ್ಮ ಸಂಸಾರ ಸಾಗಿತು. ಈಗ ಬೆಂಕಿಪೊಟ್ಟಣದಷ್ಟಿರುವ ಎರಡು ಡಬ್ಬಿಗಳನ್ನು ತೊಡೆಗೊಂದು, ಮಂಡಿಯ ಕೆಳಗೊಂದು ಕಟ್ಟಿದರೆ ಒಳಗಿನ ಆಕ್ಸೆಲರೋಮೀಟರ್, ಗೈರೋಸ್ಕೋಪ್‌ಗಳು ಮಂಡಿ ಎಷ್ಟು ಡಿಗ್ರಿ ಮಡಚಿತೆಂದು ಹೆಜ್ಜೆಹೆಜ್ಜೆಗೂ ಬರೆದಿಡುತ್ತವೆ.

ಕಟ್ಟುವಾಗ ಮಾತ್ರ ಅವಸರ ಬೇಡ. ಸೆನ್ಸರ್ ಕೂರುವುದು ಚರ್ಮದ ಮೇಲೆ, ನಮಗೆ ಬೇಕಿರುವುದು ಮೂಳೆಯ ಚಲನೆ. ಮಂಡಿನೋವಿನವರಲ್ಲಿ ಹೆಚ್ಚು ಮೈತೂಕದವರೇ ಬಹಳ. ತೊಡೆಯ ಮಾಂಸ ಅಲುಗಿದ್ದನ್ನೂ ಯಂತ್ರ ಮಂಡಿ ಮಡಚಿದ್ದೆಂದೇ ಎಣಿಸೀತು. ತೊಡೆಯ ಹೊರಮಗ್ಗುಲು, ಕೆಳಗಾಲಿನಲ್ಲಿ ಮೂಳೆ ಕೈಗೆ ಸಿಗುವ ಜಾಗ ನೋಡಿ ಬಿಗಿ. ಮುಂದಿನ ಸಲವೂ ಅಲ್ಲಿಗೇ ಕಟ್ಟು. ಇಲ್ಲದಿದ್ದರೆ ರೋಗಿ ಸುಧಾರಿಸಿದರೋ ಬೆಲ್ಟು ಸರಿಯಿತೋ ತಿಳಿಯುವುದಿಲ್ಲ.

ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ ನಿನಗೆ ಗೊತ್ತೇ ಇದೆ. ಇಬ್ಬರು ಹೆಂಗಸರು ಅದಕ್ಕೆ ತಲಾ 14 ಸೆಕೆಂಡ್ ತೆಗೆದುಕೊಂಡರು ಅಂತಿಟ್ಟುಕೋ. ಸ್ಟಾಪ್‌ವಾಚಿಗೆ ಇಬ್ಬರೂ ಒಂದೇ. ಅಂಥದೇ ಸೆನ್ಸರನ್ನು ಸೊಂಟಕ್ಕೆ ಕಟ್ಟಿದರೆ ಅದು ಏಳುವುದು, ನಡೆಯುವುದು, ತಿರುಗುವುದನ್ನು ಬಿಡಿಬಿಡಿಯಾಗಿ ತೋರಿಸುತ್ತದೆ: ಒಬ್ಬಾಕೆ ಏಳಲು ತಿಣುಕಿದ್ದಾಳೆ, ಇನ್ನೊಬ್ಬಾಕೆ ಬಿದ್ದೇನೆಂದು ಹೆದರಿ ತಿರುಗಲು ತಡಮಾಡಿದ್ದಾಳೆ. ಮೊದಲಿನವಳಿಗೆ ತೊಡೆಯ ಸ್ನಾಯು ಗಟ್ಟಿಮಾಡಿಸು, ಎರಡನೆಯವಳಿಗೆ ಸಮತೋಲನ ಕಲಿಸು. ದುಡ್ಡು ಕೊಟ್ಟು ತಂದ ಯಂತ್ರ ಸಾರ್ಥಕವಾಗುವುದು ಇಲ್ಲಿ.

ಆಮೇಲೆ, ನಮ್ಮೆದುರು ಎಲ್ಲರೂ ಪರೀಕ್ಷೆಗೆ ಬಂದವರ ಹಾಗೆ ಚೆನ್ನಾಗಿಯೇ ನಡೆಯುತ್ತಾರೆ. ಆದ್ದರಿಂದ ಸೆನ್ಸರನ್ನು ಒಂದು ವಾರ ಮನೆಗೆ ಕೊಟ್ಟು ಕಳಿಸು. ಬರೀ ಪ್ರಶ್ನೆ ಕೇಳಿ ತಿಳಿಯೋಣವೆಂದರೆ, ಕೀಲು ಸವೆದವರಿಗೆ ಕೇಳುವ ವೊಮ್ಯಾಕ್ ಪ್ರಶ್ನಾವಳಿಯ 24 ಪ್ರಶ್ನೆಗಳಲ್ಲಿ ಸ್ನಾನದ ತೊಟ್ಟಿಗೆ ಇಳಿದು ಹತ್ತುವುದೂ ಒಂದು. ನಮ್ಮಲ್ಲಿ ಎಷ್ಟು ಮನೆಯಲ್ಲಿದೆ ಆ ತೊಟ್ಟಿ! ನಮ್ಮವರ ಕಷ್ಟವಿರುವುದು ನೆಲದಲ್ಲಿ ಕೂತು ಪೂಜೆ ಮಾಡುವುದರಲ್ಲಿ, ರಂಗೋಲಿಗೆ ಕುಕ್ಕರುಗಾಲಲ್ಲಿ ಕೂರುವುದರಲ್ಲಿ. ಸಮತಟ್ಟಿನ ನಡಿಗೆಗೆ ಮಂಡಿ ಸುಮಾರು 60 ಡಿಗ್ರಿ ಮಡಚಿದರೆ ಸಾಕು, ಕುಕ್ಕರುಗಾಲಿಗೆ ಅದರ ಎರಡರಷ್ಟಾದರೂ ಬೇಕು. ನೆಟ್ಟಗೆ ನಡೆದವರೆಲ್ಲ ನೆಟ್ಟಗಿದ್ದಾರೆ ಅಂದುಕೊಳ್ಳಬೇಡ.

ದಿನಕ್ಕೆ 10,000 ಹೆಜ್ಜೆ ಅಂತ ಹೆದರಿಸುವುದನ್ನೂ ಬಿಡು. ಆ ಸಂಖ್ಯೆ ಹುಟ್ಟಿದ್ದು 1965ರ ಜಪಾನಿನ ಹೆಜ್ಜೆಮಾಪಕದ ವ್ಯಾಪಾರದಿಂದ. ಮಂಡಿ ಸವೆತವಿದ್ದವರ, ಅದರ ಅಪಾಯವಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ನಂತರವೂ ಓಡಾಟ ಉಳಿಸಿಕೊಂಡವರನ್ನು ಬೇರ್ಪಡಿಸಿದ ಗೆರೆ ಸುಮಾರು 6,000 ಹೆಜ್ಜೆ. ಅಂದಹಾಗೆ, ವಾಕರ್ ಹಿಡಿದವರ ಕೈಗಡಿಯಾರದ ಲೆಕ್ಕ ನಂಬಬೇಡ. ಕೈ ಬೀಸದಿದ್ದರೆ ಅದು ಎಷ್ಟೋ ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ.

ಹೆಜ್ಜೆ ಇಳಿದ ವಾರ ಗ್ರಾಫ್ ಹಿಡಿದು ಬೈಯಬೇಡಮ್ಮ. ಮಳೆ ಹಿಡಿದಿತ್ತೇ, ಮನೆಯಲ್ಲಿ ಸೂತಕವಿತ್ತೇ ವಿಚಾರಿಸು. ಏರಿದ ವಾರವೂ ನೋವಿನ ಮಾತ್ರೆ ಎಷ್ಟು ನುಂಗಿದರೆಂದು ಕೇಳಿ, ವರದಿಯ ಪಕ್ಕದಲ್ಲೇ ಬರೆದುಕೋ.