ಕಿವಿಯಿಂದ ಬಂದ ಮೋಹ, ಬೆರಳಿನಿಂದ ಬಂದ ಮೋಹ

ಜನ್ನಕವಿಯ 'ಯಶೋಧರ ಚರಿತೆ'ಯನ್ನು ತರಗತಿಯಲ್ಲಿ ಓದುತ್ತಿದ್ದ ದಿನಗಳಲ್ಲಿಯೇ, ಕಲಬುರಗಿಯ ನನ್ನ ಬಾಡಿಗೆ ಕೋಣೆಯಲ್ಲಿ, ಗೆಳೆಯನೊಬ್ಬನ ಲ್ಯಾಪ್‌ಟಾಪಿನಲ್ಲಿ ಜಪಾನಿನ ಒಂದು ಚಲನಚಿತ್ರವನ್ನು ನೋಡುವ ಪ್ರಸಂಗ ಒದಗಿತು. ಒಂದು 1209ರ ಕಾವ್ಯ, ಇನ್ನೊಂದು 1969ರ ಚಿತ್ರ. ಇವೆರಡಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಒಂದೇ ಇಂದ್ರಿಯವು ಉಳಿದ ನಾಲ್ಕನ್ನೂ ನುಂಗಿಬಿಡುವ ಕಥೆ ಎರಡರಲ್ಲಿಯೂ ಇದೆ.

ಚಿತ್ರದ ಹೆಸರು 'ಮೋಜು'. ನಮ್ಮ ಮೋಜಿಗೂ ಅದಕ್ಕೂ ಸಂಬಂಧವಿಲ್ಲ; ಕುರುಡು ಮೃಗವೆಂದು ಅದರ ಅರ್ಥ. ಎಡೊಗಾವಾ ರಾಂಪೊ ಎಂಬ ಲೇಖಕರು 1931-32ರಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯನ್ನು ನಿರ್ದೇಶಕ ಯಾಸುಜೊ ಮಾಸುಮುರಾ ತೆರೆಗೆ ತಂದರು. ಮಿಚಿಯೊ ಎಂಬ ಅಂಧ ಶಿಲ್ಪಿಯು ತಾಯಿಯ ನೆರವಿನಿಂದ ಆಕಿ ಎಂಬ ರೂಪದರ್ಶಿಯನ್ನು ಅಪಹರಿಸಿ ತನ್ನ ಕಾರ್ಯಾಗಾರದಲ್ಲಿ ಕೂಡಿಹಾಕುತ್ತಾನೆ. ಅದರ ಗೋಡೆಗಳ ತುಂಬ ಕಣ್ಣು, ಮೂಗು, ತುಟಿ, ಕೈಕಾಲುಗಳ ಶಿಲ್ಪಗಳು. ನಡುವೆ ಬೆಟ್ಟದಂತೆ ಮಲಗಿದ ಸ್ತ್ರೀಪ್ರತಿಮೆ. ಸ್ಪರ್ಶಕ್ಕೆಂದೇ ಒಂದು ಹೊಸ ಕಲೆಯನ್ನು ಹುಟ್ಟಿಸಬೇಕೆಂಬುದು ಅವನ ಹುಚ್ಚು. ಕತ್ತಲೆಯಲ್ಲಿ ಆಕಿಯ ದೃಷ್ಟಿಯೂ ಹೋಗುತ್ತದೆ. ಕೊನೆಕೊನೆಗೆ ಬರಿಯ ಸ್ಪರ್ಶ ಸಾಲದೆ ನೋವು, ನೋವೂ ಸಾಲದೆ ಅಂಗಚ್ಛೇದ! ಆ ಕೊಯ್ತವನ್ನು ನಿರ್ದೇಶಕರು ನೇರವಾಗಿ ತೋರಿಸದೆ, ಪ್ರತಿಮೆಯ ಕೈಕಾಲುಗಳು ಕಳಚಿ ಬೀಳುವುದನ್ನು ತೋರಿಸುತ್ತಾರೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಜನ್ನನಲ್ಲಿ ಮೋಹ ಬರುವುದು ಕಿವಿಯ ಬಾಗಿಲಿನಿಂದ. ರಾಣಿ ಅಮೃತಮತಿಯು ರಾತ್ರಿ ಮಾವುತನೊಬ್ಬನ ಹಾಡನ್ನು ಕೇಳಿ ಮನಸೋಲುತ್ತಾಳೆ. ನೋಡಿ ಬರಲು ಹೋದ ಸಖಿಯು ಅಷ್ಟಾವಂಕನ ವಿಕಾರರೂಪವನ್ನು ಬಣ್ಣಿಸಿದರೂ ಮನಸ್ಸು ಹಿಂದೆಗೆಯುವುದಿಲ್ಲ. ಕಣ್ಣಿನ ಸಾಕ್ಷ್ಯವನ್ನು ಕಿವಿ ಒಪ್ಪಲಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಆಕೆ ಬಿಡಲಿಲ್ಲ. ಕಡೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು. ಆದರೂ ಒಂದು ಭೇದವನ್ನು ಮರೆಯಬಾರದು. ಅಮೃತಮತಿ ತಾನಾಗಿ ನಡೆದುಹೋದವಳು, ಆಕಿಯನ್ನು ಹೊತ್ತೊಯ್ದರು. ಆಕೆಯೂ ಆಮೇಲೆ ಆ ಸುಖಕ್ಕೆ ಒಲಿದಳೆಂದು ತೋರಿಸಿ ಚಿತ್ರವು ಮೊದಲಿನ ಬಲಾತ್ಕಾರವನ್ನು ಮರೆಸಲೆತ್ನಿಸುತ್ತದೆ. ಅದರ ಕಲೆಗಾರಿಕೆಯನ್ನು ಮೆಚ್ಚಿದರೂ ಇದನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು. ಅಷ್ಟಾವಂಕನ ರೂಪವರ್ಣನೆಗೆ ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. 'ಕುರುಡು ಮೃಗ'ವೆಂಬ ಹೆಸರು ಕೇಳಿದಾಗ ಮಾತ್ರ ನಗು ಬರಲಿಲ್ಲ. ಕಮಲಾಪುರದಲ್ಲಿರುವ ನನ್ನ ಸೋದರತ್ತೆಗೆ ಎಳವೆಯಿಂದಲೂ ಕಣ್ಣಿಲ್ಲ. ಆ ಊರಿನ ಕೆಂಪು ಬಾಳೆ ಹೆಸರಾದದ್ದು. ಕಾಯಿ ತುಂಬಿ ಅಂಚು ದುಂಡಗಾಯಿತೋ ಇಲ್ಲವೋ ಎಂಬುದನ್ನು ಅತ್ತೆ ಗೊನೆಯ ಮೇಲೆ ಬೆರಳಾಡಿಸಿಯೇ ಹೇಳಬಲ್ಲಳು. ಮಿಚಿಯೊನ ಬೆರಳುಗಳಿಗಿದ್ದ ಜ್ಞಾನ ಅವಳ ಬೆರಳುಗಳಿಗೂ ಇದೆ. ಹಾಗಾದರೆ ಮೃಗವಿದ್ದದ್ದು ಕುರುಡಿನಲ್ಲಿಯೇ?

ಚಿತ್ರ ನೋಡಿದ ಮರುವಾರ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ನನ್ನ ದನಿ ಕೇಳಿ ಅತ್ತೆ ಹತ್ತಿರ ಬಂದು ಕುಳಿತಳು. ಕೈ ಚಾಚಿದವಳು ನಡುವೆಯೇ ತಡೆದು ಕೇಳಿದಳು: "ಮಾರಿ ಮುಟ್ಟಿ ನೋಡ್ಲ್ಯಾ, ತಮ್ಮಾ? ಅಲ್ಲಿ ಊಟ ಬರೋಬ್ಬರಿ ಮಾಡ್ತಿಯೋ ಇಲ್ಲೋ?"

ನಾನು ಹೂಂ ಎಂದ ಮೇಲೆಯೇ ಅವಳ ಬೆರಳು ನನ್ನ ಕೆನ್ನೆಗೆ ಬಂದಿತು.