ದಣಿವಿನೊಡನೆ ಬಾಳುವವರಿಗೆ

ರಾತ್ರಿಯೆಲ್ಲ ನಿದ್ರಿಸಿ ಎದ್ದರೂ ನೀಗದ, ಆರು ತಿಂಗಳು ಮೀರಿದರೂ ಬಿಡದ, ಸಾಮಾನ್ಯ ರಕ್ತಪರೀಕ್ಷೆಗಳಿಗೆ ತನ್ನ ಸುಳಿವನ್ನೇ ಕೊಡದ ಬಳಲಿಕೆಯನ್ನು ಹೊತ್ತು, ಅದರ ಮೇಲೆ ಸೋಮಾರಿತನವೆಂಬ ಅಪವಾದವನ್ನೂ ಸಹಿಸುತ್ತಿರುವ ಮಿತ್ರರೇ, ವೈದ್ಯರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಯುವ ಈ ವ್ಯಾಧಿಯು ನಿಮ್ಮ ಮನಸ್ಸಿನ ಕಲ್ಪನೆಯಲ್ಲ. ಇದು ಸರ್ವಾಂಗವನ್ನೂ ಬಾಧಿಸುವ ಗಂಭೀರ ರೋಗವೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿಯೇ ಸಾರಿದೆ. ಥೈರಾಯ್ಡ್ ಕೊರತೆ, ರಕ್ತಹೀನತೆ ಮೊದಲಾದುವು ಕಾರಣವಲ್ಲವೆಂಬುದನ್ನು ಮಾತ್ರ ವೈದ್ಯರಿಂದ ಖಚಿತಪಡಿಸಿಕೊಳ್ಳಿರಿ.

ಈ ರೋಗದ ವಂಚನೆಯಿರುವುದು ಅದರ ವಿಳಂಬದಲ್ಲಿ: ಮೈ ತುಸು ಹಗುರವಾದ ದಿನ, ಬಾಕಿಯುಳಿದ ಬಟ್ಟೆಯನ್ನೆಲ್ಲ ಒಗೆದು ಅಟ್ಟವನ್ನೂ ಗುಡಿಸಿ ಹಿಗ್ಗಿದವರು, ಒಂದೆರಡು ದಿನ ಕಳೆದ ಮೇಲೆ ಏಳಲಾರದೆ ಹಾಸಿಗೆ ಹಿಡಿಯುತ್ತಾರೆ. ಆದುದರಿಂದ ಶಕ್ತಿಯಿನ್ನೂ ಉಳಿದಿರುವಾಗಲೇ ಕೆಲಸವನ್ನು ನಿಲ್ಲಿಸಿರಿ, ತರಕಾರಿಯನ್ನು ಕುಳಿತು ಹೆಚ್ಚಿರಿ, ಬಚ್ಚಲಲ್ಲಿ ಮಣೆಯಿರಲಿ, ಸ್ನಾನವಾದೊಡನೆ ಅಡುಗೆಗೆ ತೊಡಗದೆ ಅರ್ಧಗಂಟೆ ಕಣ್ಮುಚ್ಚಿ ಮಲಗಿರಿ, ಓದು, ಮಾತುಕತೆ, ಲೆಕ್ಕಪತ್ರಗಳೂ ಶ್ರಮವೇ ಎಂಬ, ಹಲವರು ಮರೆಯುವ ಮಾತನ್ನು ಗಣನೆಗೆ ತಂದುಕೊಳ್ಳಿರಿ. ದಿನದಿನಕ್ಕೂ ವ್ಯಾಯಾಮವನ್ನು ಹೆಚ್ಚಿಸಿದರೆ ಗುಣವಾದೀತೆಂಬ ಹಿತೈಷಿಗಳ ಉಪದೇಶಕ್ಕೆ ಮಣಿಯದಿರಿ. ಅಂಥ ಚಿಕಿತ್ಸಾಕ್ರಮವನ್ನು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು 2021ರಲ್ಲಿ ಕೈಬಿಟ್ಟಿತು. ಮದುವೆಮನೆಗೆ ಹೋಗಲೇಬೇಕಾದರೆ ಮುಹೂರ್ತಕ್ಕಷ್ಟೆ ಹೋಗಿ, ಮರುದಿನವನ್ನೂ ಅದರ ಮರುದಿನವನ್ನೂ ವಿಶ್ರಾಂತಿಗೆ ಮುಡಿಪಾಗಿಡಿರಿ.