ಎಪ್ಪತ್ತು ಓವರಿನ ವರ್ಷ

ಹಿರಿಯ ಮಹಿಳೆಯರ ರಾಷ್ಟ್ರೀಯ ಏಕದಿನ ಟೂರ್ನಿಯ ಲೀಗ್ ಹಂತದಲ್ಲಿ ಒಂದು ರಾಜ್ಯ ತಂಡಕ್ಕೆ ಸಿಗುವುದು ಆರೋ ಏಳೋ ಪಂದ್ಯ. ಪ್ರತಿ ಪಂದ್ಯದಲ್ಲೂ ಪೂರ್ತಿ ಹತ್ತು ಓವರ್ ಸಿಕ್ಕಿತು ಎಂದುಕೊಂಡರೂ ಎಪ್ಪತ್ತು. ರಣಜಿ ಸ್ಪಿನ್ನರ್ ಒಬ್ಬ ಇಷ್ಟನ್ನು ಎರಡು ಪಂದ್ಯದಲ್ಲಿ ಮುಗಿಸಿಬಿಡಬಲ್ಲ. ನಾನು ಕರ್ನಾಟಕದ ಎಡಗೈ ಸ್ಪಿನ್ನರ್. ಮುಂದಿನದನ್ನೆಲ್ಲ ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಓದಿ.

1. ನಿಮ್ಮ ಚೆಂಡು ನಿಮ್ಮ ಬ್ಯಾಗಿನಲ್ಲಿರಲಿ

ನಮ್ಮಲ್ಲಿ ಬಹಳಷ್ಟು ಮಂದಿ ಆಟ ಕಲಿತದ್ದು ಹುಡುಗರ ನೆಟ್ಸ್‌ನಲ್ಲಿ. ಅಲ್ಲಿನ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಮಹಿಳೆಯರ ಪಂದ್ಯದ ಚೆಂಡು 140ರಿಂದ 151 ಗ್ರಾಂ, ಸುತ್ತಳತೆಯೂ ಕಡಿಮೆ. ಹತ್ತು ಹದಿನೈದು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಬೆರಳಿಗೆ ಅದು ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಭಾರದ ಚೆಂಡಿಗೆ ಒಗ್ಗಿದ ಕೈ ಪಂದ್ಯದ ದಿನ ಅದೇ ಬಲ ಹಾಕಿದರೆ ಚೆಂಡು ಒಂದೆರಡು ಅಡಿ ಮುಂದೆ ಹೋಗಿ ಬೀಳುತ್ತದೆ, ಇಲ್ಲವೇ ನೇರ ಫುಲ್‌ಟಾಸ್. ಅದನ್ನು ತಿದ್ದಿಕೊಳ್ಳುವಷ್ಟರಲ್ಲಿ ಎರಡು ಓವರ್ ಕಳೆದಿರುತ್ತವೆ. ಎಪ್ಪತ್ತರಲ್ಲಿ ಎರಡು! ಹುಡುಗರ ನೆಟ್ಸ್‌ಗೆ ಹೋಗಲೇಬೇಕು, ಅಷ್ಟು ಓವರ್ ಬೇರೆಲ್ಲೂ ಸಿಗುವುದಿಲ್ಲ. ಆದರೆ ನಮ್ಮ ಅಳತೆಯ ಚೆಂಡನ್ನು ನಾವೇ ಒಯ್ಯಬೇಕು. ಕೋಚ್ ಮುಖ ಸಿಂಡರಿಸಿದರೆ ಸಿಂಡರಿಸಲಿ.

2. ಬ್ಯಾಟರ್‌ಗಿಂತ ಮೊದಲು ಪಿಚ್ ಕಡೆ ನೋಡಿ

ನಮ್ಮ ಪಂದ್ಯಗಳು ಹೆಚ್ಚಾಗಿ ಚಳಿಗಾಲದಲ್ಲಿ, ಬೆಳಗ್ಗೆಯೇ ಶುರು. ಮೊದಲ ಗಂಟೆಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಚೆಂಡು ಒದ್ದೆಯಾಗುತ್ತದೆ. ಆಗ ತಿರುಗಿಸುವ ಹಟ ಬೇಡ. ಸ್ಟಂಪಿಗೆ ನೇರ ಹಾಕಿ, ಚೆಂಡು ಜಾರಿಕೊಂಡು ಹೋಗಲಿ. ಬಿಸಿಲು ಏರಿ ಪಿಚ್ ಒಣಗಿದ ಮೇಲೆ ಗಾಳಿಯಲ್ಲಿ ನಿಧಾನ ಮಾಡಬಹುದು. ಒಂದು ಮಾತು ಖಂಡಿತ: ದೇಶೀಯ ಕ್ರಿಕೆಟ್‌ನಲ್ಲಿ ಸ್ಲಾಗ್ ಸ್ವೀಪ್‌ಗೆ ಹೆದರಿ ಚೆಂಡನ್ನು ಗಿಡ್ಡ ಮಾಡಿದವರು ಹೆಚ್ಚು ಹೊಡೆಸಿಕೊಳ್ಳುತ್ತಾರೆ. ನಮ್ಮ ಬೌಂಡರಿ 55ರಿಂದ 64 ಮೀಟರ್ ಒಳಗೇ ಇರುತ್ತದೆ, ನಿಜ. ಆದರೂ ಮುಂದೆ ಬಿದ್ದ ಚೆಂಡನ್ನು ಅಡ್ಡ ಬ್ಯಾಟಿನಲ್ಲಿ ಅಲ್ಲಿಗೆ ಕಳಿಸುವುದು ಸುಲಭವಲ್ಲ. ತಪ್ಪಿದರೆ ಬೌಲ್ಡ್, ಎಲ್‌ಬಿಡಬ್ಲ್ಯು. ಕ್ಯಾಚ್‌ಗಾಗಿ ಇನ್ನೊಬ್ಬರ ಕೈ ನಂಬಿ ಕೂರಬೇಕಾಗಿಲ್ಲ.

3. ಎಡಗೈ ಸ್ಪಿನ್ನರ್‌ಗಳ ಸರದಿ ಬಹಳ ಉದ್ದ

ಈ ದೇಶದ ಮಹಿಳಾ ಕ್ರಿಕೆಟ್‌ಗೆ ಎಡಗೈ ಸ್ಪಿನ್ನರ್‌ಗಳ ಕೊರತೆ ಎಂದೂ ಆಗಿಲ್ಲ. 1995ರಲ್ಲಿ ಜಮ್ಶೆಡ್‌ಪುರದಲ್ಲಿ ಇಂಗ್ಲೆಂಡ್ ವಿರುದ್ಧ 53 ರನ್‌ಗೆ 8 ವಿಕೆಟ್ ಕಿತ್ತ ನೀತು ಡೇವಿಡ್, ಆಮೇಲೆ ಏಕ್ತಾ ಬಿಷ್ಟ್, 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನು 15 ರನ್‌ಗೆ 5 ವಿಕೆಟ್ ಪಡೆದು ಉರುಳಿಸಿದ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ, ರಾಧಾ ಯಾದವ್, ಈಗ ಕಡಪ ಕಡೆಯ ಶ್ರೀಚರಣಿ. ಹಾಗಾಗಿ ‘ಚೆನ್ನಾಗಿ ಹಾಕುತ್ತಾಳೆ’ ಎಂದರೆ ಆಯ್ಕೆಗಾರರ ಕಿವಿಗೆ ಬೀಳುವುದೇ ಇಲ್ಲ. ಫೀಲ್ಡಿಂಗ್ ಬೇಕು, ಎಂಟನೇ ಕ್ರಮಾಂಕದಲ್ಲಿ ಇಪ್ಪತ್ತು ರನ್ ಬೇಕು, ಪವರ್‌ಪ್ಲೇಯಲ್ಲಿ ಹೊಸ ಚೆಂಡು ಹಿಡಿಯುವ ಧೈರ್ಯವೂ ಬೇಕು. ಇದು ಅನ್ಯಾಯ ಅನ್ನಿಸಿದರೆ ವೇಗಿಗಳನ್ನು ಕೇಳಿ. ಅವರ ಗೋಳು ಬೇರೆ.

4. ಯಾರ ವಿಕೆಟ್ ಎಂಬುದು ಮುಖ್ಯ

2020ರಲ್ಲಿ ಚಂಡೀಗಢದ ಕಾಶ್ವೀ ಗೌತಮ್ ಅರುಣಾಚಲ ಪ್ರದೇಶದ ವಿರುದ್ಧ 19 ವರ್ಷದೊಳಗಿನವರ ಪಂದ್ಯದಲ್ಲಿ 12 ರನ್‌ಗೆ ಹತ್ತೂ ವಿಕೆಟ್ ಪಡೆದಳು. ದೇಶವೆಲ್ಲ ಮಾತಾಡಿತು. ಆದರೆ ಭಾರತದ ಕ್ಯಾಪ್ ಸಿಕ್ಕಿದ್ದು 2025ರಲ್ಲಿ. ನಡುವೆ ಹರಾಜಿನಲ್ಲಿ ಎರಡು ಕೋಟಿ ಬಂತು, ಗಾಯವೂ ಬಂದು ಒಂದು ಡಬ್ಲ್ಯುಪಿಎಲ್ ಪೂರ್ತಿ ತಪ್ಪಿತು. ದುರ್ಬಲ ತಂಡದ ವಿರುದ್ಧ ಆರು ವಿಕೆಟ್ ತೆಗೆದ ದಿನ ಫೋನ್ ತುಂಬ ಮೆಸೇಜ್ ಬರುತ್ತವೆ. ರೈಲ್ವೇಸ್ ವಿರುದ್ಧ ಹತ್ತು ಓವರಿಗೆ 28 ಕೊಟ್ಟು ಒಂದು ವಿಕೆಟ್ ತೆಗೆದ ದಿನ ಯಾರೂ ಕರೆಯುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

5. ನೌಕರಿಯನ್ನು ಕೀಳಾಗಿ ಕಾಣಬೇಡಿ

ರೈಲ್ವೇಸ್ ವರ್ಷಗಟ್ಟಲೆ ರಾಷ್ಟ್ರೀಯ ಪ್ರಶಸ್ತಿಗಳನ್ನು ಬಾಚಿದ್ದರ ಹಿಂದೆ ದೊಡ್ಡ ರಹಸ್ಯವೇನಿಲ್ಲ: ಅದು ಆಟಗಾರ್ತಿಯರಿಗೆ ಕೆಲಸ ಕೊಟ್ಟಿತು. 2006ರಲ್ಲಿ ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬರುವ ಮೊದಲು ನಮ್ಮ ಹಿರಿಯ ಅಕ್ಕಂದಿರು ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಕಿಟ್ ಬ್ಯಾಗಿನ ಮೇಲೆ ಕೂತು ಪ್ರಯಾಣಿಸಿದವರು. ಬಿಸಿಸಿಐ ಬಂದ ಮೇಲೂ ಬಹಳ ಕಾಲ ಹಿರಿಯರ ಪಂದ್ಯಕ್ಕೆ ದಿನಕ್ಕೆ 2,500 ರೂಪಾಯಿಯೇ ಇತ್ತು. ಆಮೇಲೆ 12,500, 2021ರಲ್ಲಿ 20,000, 2025ರ ಡಿಸೆಂಬರ್‌ನಲ್ಲಿ ಏಕದಿನ ಪಂದ್ಯದ ಹನ್ನೊಂದು ಮಂದಿಗೆ 50,000. ಬೆಂಚಿನಲ್ಲಿ ಕೂತವರಿಗೆ ಅದರ ಅರ್ಧ. ಒಳ್ಳೆಯ ಹಣ, ಅನುಮಾನವಿಲ್ಲ. ಆದರೆ ಏಳು ಪಂದ್ಯದಿಂದ ಗುಣಿಸಿ, ಬೆಂಗಳೂರಿನ ಬಾಡಿಗೆ, ಫಿಸಿಯೋ, ಶೂ ಕಳೆಯಿರಿ. ಗಾಯವಾದ ವರ್ಷ ಏಳು ಪಂದ್ಯವೂ ಇಲ್ಲ. ಹರಾಜಿನ ಕನಸು ಕಾಣುತ್ತ ಕೈಗೆ ಬಂದ ಕೆಲಸ ಬಿಟ್ಟವರನ್ನು ಬಲ್ಲೆ. ಶ್ರೇಯಾಂಕಾ ಪಾಟೀಲ 2024ರ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ತೊಟ್ಟಾಗ ಕುಣಿದವರಲ್ಲಿ ನಾನೂ ಒಬ್ಬಳು. ಆದರೆ ಆ ಲೀಗ್ ಶುರುವಾದಾಗ ಇದ್ದದ್ದು ಐದೇ ತಂಡ. ರಾಜ್ಯ ತಂಡಗಳು ಮೂವತ್ತಕ್ಕೂ ಹೆಚ್ಚು.

6. ರಕ್ತ ಪರೀಕ್ಷೆ ಮಾಡಿಸಿ

ಸ್ಪೆಲ್‌ನ ಕೊನೆಗೆ ಕಾಲು ಎತ್ತಿಡಲಾಗದಿದ್ದರೆ ಫಿಟ್‌ನೆಸ್ ಸಾಲದು ಎಂದು ಇನ್ನೆರಡು ರೌಂಡ್ ಓಡುವ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಮುಟ್ಟಿನ ತಾರೀಖು ಟ್ರೇನರ್‌ಗೆ ಗೊತ್ತಿರಲಿ, ನಾಚಿಕೆ ಬೇಡ.

7. ಆಡುತ್ತಿರುವಾಗಲೇ ಪರೀಕ್ಷೆ ಬರೆಯಿರಿ

ಅಂಪೈರ್, ಸ್ಕೋರರ್, ಕೋಚ್ ಯಾವುದಾದರೂ ಸರಿ. ಜಿ.ಎಸ್. ಲಕ್ಷ್ಮಿ ಭಾರತದ ಪರ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಿದವರಲ್ಲ; ಆಂಧ್ರ, ರೈಲ್ವೇಸ್‌ಗೆ ವೇಗದ ಬೌಲಿಂಗ್ ಮಾಡಿದವರು. 2019ರಲ್ಲಿ ಐಸಿಸಿಯ ಮ್ಯಾಚ್ ರೆಫರಿ ಬಳಗ ಸೇರಿದ ಮೊದಲ ಮಹಿಳೆ ಅವರು. ಅದೇ ವರ್ಷ ಪುರುಷರ ಏಕದಿನ ಪಂದ್ಯಕ್ಕೂ ರೆಫರಿಯಾದರು. 2023ರ ಜನವರಿಯಲ್ಲಿ ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ರಣಜಿ ಪಂದ್ಯಗಳಲ್ಲಿ ಅಂಪೈರ್‌ಗಳಾಗಿ ನಿಂತರು. ಮಳೆಗಾಲದಲ್ಲಿ ನೆಟ್ಸ್ ನಿಂತಾಗ ಕ್ರಿಕೆಟ್ ನಿಯಮಗಳ ಪುಸ್ತಕ ಬಿಡಿಸಿ ಕೂರಿ. ಎಲ್‌ಬಿಡಬ್ಲ್ಯು ಅಧ್ಯಾಯದಿಂದ ಶುರು ಮಾಡಿದರೆ ಆ ಸೀಸನ್‌ನ ಬೌಲಿಂಗ್‌ಗೂ ಉಪಯೋಗ: ಎಲ್ಲಿ ಪಿಚ್ ಆದ ಚೆಂಡಿಗೆ ಎಷ್ಟೇ ಕೂಗಿದರೂ ಅಂಪೈರ್ ಬೆರಳು ಎತ್ತುವುದಿಲ್ಲ ಎಂದು ತಿಳಿದರೆ ಗಂಟಲಾದರೂ ಉಳಿಯುತ್ತದೆ.